ಹತ್ತನೇ ಪಾಠದ ಮೂಲೆ

ನನ್ನ ಎರಡು ಕೈ ಕಂಪ್ಯೂಟರಿನಲ್ಲಿವೆ. ಮೊಣಕೈವರೆಗೆ. ಅದರಾಚೆ ನಾನಿಲ್ಲ.

ಬಳ್ಳಾರಿ ಪಾರ್ವತಿನಗರದ ಒಂದು ಕಟ್ಟಡದಲ್ಲಿ ಗುಂಡಿ ಒತ್ತಿದರೆ ಆ ಕೈಗಳು ಬರುತ್ತವೆ. ಸೂಜಿಗೆ ದಾರ ಪೋಣಿಸುತ್ತವೆ. ಅರಿವೆ ಹಾಸುತ್ತವೆ. ಹೊಲಿಯುತ್ತವೆ. ಬೆಂಗಳೂರಿನಲ್ಲಿ ಒತ್ತಿದರೂ ಬರುತ್ತವಂತೆ, ದುಬೈನಲ್ಲಿ ಒತ್ತಿದರೂ ಬರುತ್ತವಂತೆ. ಯಾರು ಬೇಕಾದರೂ ನೋಡಿ ಕಲಿಯಬಹುದು, ಪುಕ್ಕಟೆ. ಎಡಗೈ ಹೆಬ್ಬೆರಳಿನ ಉಗುರು ಸೀಳಿದೆ. ಭತ್ತ ಕೊಯ್ಯುವಾಗ ಕುಡುಗೋಲು ತಾಗಿ ಸೀಳಿದ್ದು. ಆ ಉಗುರು ನೋಡಿ ಇವು ನನ್ನವು ಎಂದು ನಾನು ಹೇಳಬಲ್ಲೆ. ಹೆಸರು ಮಾತ್ರ ಎಲ್ಲಿಯೂ ಬರೆದಿಲ್ಲ.

ಹೆಸರು ಸುಗ್ರಾಬಿ. ಊರು ಸಿರುಗುಪ್ಪ ತಾಲೂಕಿನ ಕರೂರು. ಸಾಲಿಗೆ ಹೋಗಿದ್ದು ಎರಡು ವರ್ಷ. ಆಮೇಲೆ ಅರವತ್ತು ವರ್ಷ ಕೆಲಸವೇ. ಕಾಲುವೆಗೆ ನೀರು ಬಿಟ್ಟಾಗ ನಾಟಿ, ತೆನೆ ಬಲಿತಾಗ ಕೊಯ್ಲು, ಎರಡರ ನಡುವೆ ಕೌದಿ.

ಕೌದಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಳೆ ಸೀರೆ, ಹಳೆ ಧೋತರ, ಹರಿದ ಅಂಗಿ ಒಂದರ ಮೇಲೊಂದು ಹಾಸಿ, ನಾಲ್ಕೂ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿದರೆ ಹೊದೆಯಲು ಕೌದಿಯಾಗುತ್ತದೆ. ಒಂದಕ್ಕೆ ಎಂಟು ದಿನ. ನೆಲಕ್ಕೆ ಕುಂತು, ಬೆನ್ನು ಬಗ್ಗಿಸಿ, ಕಣ್ಣು ಕಿರಿದು ಮಾಡಿ. ಎಂಟನೇ ದಿನ ನಡು ನೆಟ್ಟಗಾಗುವುದಿಲ್ಲ. ಗೋಡೆ ಹಿಡಿದು ಏಳಬೇಕು.

ಕೊನೆಗೆ ಒಂದು ಮೂಲೆ ಉಳಿಸುತ್ತೇವೆ, ಗೇಣಗಲ. ಅದು ಕೌದಿಯ ಬಾಯಿ. ಅದರೊಳಗೆ ಮನೆಯಲ್ಲಿ ತೀರಿಕೊಂಡವರ ಅರಿವೆಯೊಂದನ್ನು ಮಡಚಿ ಇಡುತ್ತೇವೆ. ಆ ದಿನ ಕೌದಿ ಹೊಲಿಸಿದವರು ಹೊಲಿದವಳನ್ನು ಮನೆಯೊಳಗೆ ಕರೆಯಬೇಕು. ತಾವೂ ಜೊತೆಗೆ ಕುಂತು ಉಣ್ಣಬೇಕು. ತಮ್ಮ ತಾಟಿನ ನಾಲ್ಕು ಅಗಳು ಅನ್ನ ಅವಳ ಕೈಗೆ ಹಾಕಬೇಕು. ಅವಳು ಅದನ್ನು ಮೂಲೆಯಲ್ಲಿಟ್ಟು ಹೊಲಿದು ಬಾಯಿ ಮುಚ್ಚುತ್ತಾಳೆ. ಉಣ್ಣಿಸದಿದ್ದರೆ ಮುಚ್ಚುವುದಿಲ್ಲ. ಜಗಳವಿಲ್ಲ, ಮಾತಿಲ್ಲ. ಸೂಜಿಯನ್ನು ಅರಿವೆಗೆ ಚುಚ್ಚಿಟ್ಟು ಎದ್ದು ಬರುವುದು. ನಮ್ಮ ಅತ್ತೆ ನನಗೆ ಕಲಿಸಿದ್ದು ಇಷ್ಟು.

ಕರೂರಿನಲ್ಲಿ ವೀರಭದ್ರಮ್ಮನ ಮನೆಗೆ ನಾಲ್ಕು ಕೌದಿ ಹೊಲಿದಿದ್ದೇನೆ. ಲಿಂಗ ಕಟ್ಟಿದ ಮನೆತನ. ಮೊದಲ ಕೌದಿಯ ಕೊನೆಯ ದಿನ ನಾನು ಕಟ್ಟೆಯ ಮೇಲೆ ಕುಂತಿದ್ದೆ. ಅವಳು ಒಳಗಿನಿಂದ ಕೂಗಿದಳು.

“ಸುಗ್ರವ್ವಾ, ಬಾರಬೇ ಒಳಗ. ಬಾಗಲಾ ಏನ್ ಕಚ್ಚತೈತೇನ ನಿನಗ?”

ಅವಳ ಅತ್ತೆ ಗೊಣಗಿದಳು. “ಆಕೀನ್ನ ಒಳಗ ಕೂಡ್ರಸ್ತಿ ಏನಬೇ?”

“ಆಕಿ ಎಂಟು ದಿನದ ಬೆವರು ಈ ಕೌದ್ಯಾಗ ಐತ್ರಿ ಅತ್ತಿ. ಅದನ್ನ ಮಾರಿ ಮುಚ್ಚಂಗ ಹೊತ್ಕಂಡು ಮಲಗ್ತೀರಿ. ತಾಟು ಅಂದ್ರ ಯಾಕ ಹಿಂಗಾಡ್ತೀರಿ?”

ಮುದುಕಿ ಸರಿದು ಕುಂತಳು. ನಾವು ಉಂಡೆವು. ಮೂಲೆ ಮುಚ್ಚಿದೆ.

ತೆಕ್ಕಲಕೋಟೆಯ ಒಂದು ಮನೆಯವರು ಹಾಗೆ ಮಾಡಲಿಲ್ಲ. ಕಾಂಪೌಂಡಿನ ಮೇಲಿಂದ ಎಲೆಯಲ್ಲಿ ಕಟ್ಟಿ ಊಟ ಕೊಟ್ಟರು. ತಂದು ಮನೆಯಲ್ಲಿ ಉಂಡೆ. ಅನ್ನ ಅನ್ನವೇ. ಆದರೆ ಮೂಲೆ ಮುಚ್ಚದೆ ಬಂದೆ. ಆ ಕೌದಿಯನ್ನು ಬಿಸಿಲಿಗೆ ಹಾಕಿದಾಗಲೆಲ್ಲ ಓಣಿಯ ಹೆಂಗಸರು ನೋಡಿ ನಕ್ಕರು. ಮೂರನೇ ವರ್ಷ ಆ ಮನೆಯಾಕೆ ನನಗೆ ಹೇಳಿಕಳಿಸಿದಳು. ಒಳಗೆ ಕರೆದಳು. ಉಣ್ಣಿಸಿದಳು. ಹೊಲಿದು ಬಂದೆ. ನನ್ನ ಕೈಯಲ್ಲಿ ಇದ್ದ ಬಲ ಅದೊಂದೇ.

ಮಗಳು ಸುಲ್ತಾನಾ ಎರಡನೇ ಹೆರಿಗೆಯಲ್ಲಿ ಹೋದಳು. ಕೂಸೂ ಹೋಯಿತು. ಅಳಿಯ ಬೇರೆ ಮದುವೆಯಾದ. ಮೊದಲ ಹೆರಿಗೆಯ ಶಬನಂ ನನ್ನ ಮಡಿಲಿಗೆ ಬಂದಳು. ನನ್ನನ್ನೇ ಅವ್ವಾ ಎನ್ನುತ್ತಾಳೆ. ಹತ್ತನೇ ಇಯತ್ತೆ ಪಾಸು ಮಾಡಿದಳು. ಮುಂದಕ್ಕೆ ಓದಿಸಲು ಆಗಲಿಲ್ಲ. ಇಬ್ಬರೂ ಬಳ್ಳಾರಿಗೆ ಬಂದೆವು.

ಅದು ಕೆಂಪು ಮಣ್ಣಿಗೆ ಬೆಲೆ ಬಂದ ಕಾಲ. ನಮ್ಮ ಗುಡ್ಡ ಚೀನಾಕ್ಕೆ ಹೋಗುತ್ತದೆ ಎನ್ನುತ್ತಿದ್ದರು. ಲಾರಿಯ ಹಿಂದೆ ಲಾರಿ. ಊರ ಬೇವಿನ ಮರಗಳು ಕೆಂಪಾದವು. ಕುರುಗೋಡು ರಸ್ತೆಯಲ್ಲಿ ಅದಿರು ರಾಶಿ ಹಾಕುವ ಒಂದು ಪ್ಲಾಟಿನಲ್ಲಿ ಶಬನಂಗೆ ಕೂಲಿ ಸಿಕ್ಕಿತು. ಓರೆಯಾಗಿ ನಿಲ್ಲಿಸಿದ ಜಾಲರಿಗೆ ಸಲಿಕೆಯಿಂದ ಅದಿರು ಎಸೆಯಬೇಕು. ಪುಡಿ ಆಚೆ ಬೀಳುತ್ತದೆ, ಕಲ್ಲು ಈಚೆ ಉರುಳುತ್ತದೆ. ಸಲಿಕೆ ತುಂಬಿದರೆ ಕಬ್ಬಿಣದ ತೂಕ. ಬೆಳಗಿನಿಂದ ಸಂಜೆವರೆಗೆ ಎಸೆಯುವುದು. ಅಂಗೈ ಬೊಕ್ಕೆ ಬಂದು ಒಡೆದು ಗಟ್ಟಿಯಾಯಿತು. ತಲೆ ಮೇಲೆ ಮೂರು ಚೊಂಬು ನೀರು ಸುರಿದರೂ ಕೆಂಪೇ ಇಳಿಯುತ್ತಿತ್ತು.

ಆಮೇಲೆ ಕೆಮ್ಮು. ಉಗುಳು ಕೆಂಪು. ನಾನು ರಕ್ತವೆಂದು ಹೆದರಿದೆ.

“ಮಣ್ಣವ್ವಾ ಅದು” ಎಂದು ಅವಳು ಬಾಯಿ ಒರೆಸಿಕೊಂಡಳು.

ಡಾಕ್ಟರ ಹತ್ತಿರ ಕರೆದೊಯ್ದೆ. ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. “ಗುಳಿಗಿ ಬರದು ಕೊಡ್ತೀನಿ, ಆದ್ರ ಅದರಿಂದ ಏನಾಗಂಗಿಲ್ಲ. ಆ ಕೆಲಸ ಬಿಡಸ್ರಿ. ಇನ್ನ ಎರಡು ವರ್ಷ ಅಲ್ಲೇ ನಿಂತ್ರ ಈ ಹುಡುಗಿಗೆ ಉಸರು ಸಿಗಂಗಿಲ್ಲ” ಎಂದರು.

ಕೆಲಸ ಬಿಟ್ಟು ಏನು ತಿನ್ನುವುದು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಗ ಪಾರ್ವತಿನಗರದಲ್ಲಿ ಆ ಕೇಂದ್ರ ಬಂತು. ಒಂದು ಗಣಿ ಕಂಪನಿಯವರ ಟ್ರಸ್ಟು. ಎಂಟು ಕಂಪ್ಯೂಟರ್, ತಣ್ಣನೆ ಗಾಳಿ. ಬಾಗಿಲ ಮೇಲೆ ದೊಡ್ಡ ಬೋರ್ಡು. ಹೊಸ ಕೌಶಲ, ಹೊಸ ಹವ್ಯಾಸ, ಎಲ್ಲರಿಗೂ ಉಚಿತ, ಆನ್‌ಲೈನ್. ಇಂಗ್ಲಿಷ್ ಮಾತಾಡುವುದು, ಕೇಕ್ ಮಾಡುವುದು, ಫೋಟೋ ತೆಗೆಯುವುದು, ಗಿಟಾರ್ ಬಾರಿಸುವುದು. ಶಬನಂ ವಾರದ ರಜೆಯ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತಿದ್ದಳು. ಮೊದಲ ದಿನ ಕೀಲಿಮಣೆ ಮುಟ್ಟುವ ಮುಂಚೆ ಕೈ ತೋರಿಸು ಅಂದರಂತೆ. ತೋರಿಸಿದಳು. ತೊಳೆದುಕೊಂಡು ಬಾ ಅಂದರಂತೆ. ತೊಳೆದುಕೊಂಡೇ ಹೋಗಿದ್ದಳು. ಉಗುರಿನ ಕೆಂಪು ಹೋಗುವುದಲ್ಲ.

“ಹವ್ಯಾಸ ಅಂದ್ರ ಏನಬೇ?” ಎಂದು ಕೇಳಿದೆ.

“ಹೊತ್ತು ಹೋಗಾಕ ಮಾಡೋ ಕೆಲಸ, ಅವ್ವಾ.”

ನಾವಿಬ್ಬರೂ ಅದನ್ನು ಯೋಚಿಸುತ್ತ ಕುಂತೆವು.

ಅಲ್ಲಿನ ಮ್ಯಾನೇಜರು ಸಿದ್ದಲಿಂಗೇಶ್. ಅವನಿಗೆ ಶಬನಂ, ‘ನಮ್ಮವ್ವ ಕೌದಿ ಹೊಲೀತಾಳ’ ಎಂದು ಹೇಳಿದ್ದೇ ಶುರು. ಟ್ರಸ್ಟಿಗೆ ಕೌದಿಯ ಪಾಠ ಬೇಕಿತ್ತಂತೆ. ನನ್ನನ್ನು ಕರೆಸಿದ.

“ಅಜ್ಜಿ, ನೀವು ಹೊಲಕೋತ ಹೋಗ್ರಿ, ನಾವು ವಿಡಿಯೋ ಮಾಡ್ಕೊಂತೀವಿ. ಅರಿವಿ ನಿಮ್ಮವೇ ತರ್ರಿ, ಹಳೇವು ಇರಬೇಕು. ಮುಗದ ಮ್ಯಾಲ ಕೌದಿ ನಿಮಗಾ. ನಿಮ್ಮ ಮೊಮ್ಮಗಳಿಗೂ ಇಲ್ಲೇ ಏನಾರ ಒಂದು ಕೆಲಸ ನೋಡೂಣು.”

ಕೊನೆಯ ಆ ಮಾತಿಗೆ ನಾನು ಹೋದೆ. ತಣ್ಣನೆಯ ಕೋಣೆಯಲ್ಲಿ ಶಬನಂ ಕುರ್ಚಿಯ ಮೇಲೆ ಕುಂತು ಹುಡುಗಿಯರಿಗೆ ಹೇಳಿಕೊಡುವುದು ನನ್ನ ಕಣ್ಣಿಗೆ ಕಟ್ಟಿತು. ಕೆಮ್ಮು ಇಲ್ಲದ ಶಬನಂ. ಪೆಟ್ಟಿಗೆಯಲ್ಲಿದ್ದ ಅರಿವೆಯನ್ನೆಲ್ಲ ಒಯ್ದೆ. ಮೂಲೆಗೆಂದು ಸುಲ್ತಾನಾಳ ಹಸಿರು ಸೀರೆಯ ಸೆರಗನ್ನೂ ಒಯ್ದೆ. ಕೌದಿ ನನಗೇ ಬರುತ್ತದಲ್ಲ, ಶಬನಂ ಮದುವೆಗೆ ಆಗಲಿ ಎಂದು.

ಎಂಟು ದಿನ ಹೊಲಿದೆ. ಮೊದಲು ಬಳೆ ತೆಗೆಸಿದರು, ಸದ್ದಾಗುತ್ತದೆ ಎಂದು. ಮೂವತ್ತು ವರ್ಷದ ಹಿಂದೆ ಗಂಡ ಸತ್ತಾಗ ತೆಗೆದ ಬಳೆ, ಶಬನಂ ಹಟ ಮಾಡಿ ಹಾಕಿಸಿದ್ದಳು. ಮತ್ತೆ ತೆಗೆದೆ. ಮಾತಾಡಬೇಡಿ ಎಂದರು. ಕೆಮ್ಮಬೇಡಿ ಎಂದರು. ದೀಪದ ಬಿಸಿಗೆ ಬೆವರು ಅರಿವೆಯ ಮೇಲೆ ಬಿದ್ದರೆ ನಿಲ್ಲಿಸಿ ಒರೆಸಿದರು. ಬೆಂಗಳೂರಿನಿಂದ ಬಂದಿದ್ದ ಅಂಜನಾ ಮೇಡಂ ಕ್ಯಾಮೆರಾದವನಿಗೆ, “ಮುಖ ಬೇಡ, ಕೈ ಸಾಕು. ಕೈ ಚೆನ್ನಾಗಿದೆ” ಎಂದಳು.

ಮಧ್ಯಾಹ್ನ ಅವರೆಲ್ಲ ಒಳಗಿನ ಮೇಜಿಗೆ ಕುಂತು ಉಣ್ಣುತ್ತಿದ್ದರು. ನನಗೆ ಮೆಟ್ಟಿಲ ಕೆಳಗೆ, ಗಾಡಿ ನಿಲ್ಲಿಸುವಲ್ಲಿ ಜಾಗ ತೋರಿಸಿದ್ದರು. ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದೆ. ಏಳು ದಿನ ನನಗೆ ಬೇಜಾರಾಗಲಿಲ್ಲ. ಕೂಲಿಗೆ ಹೋದವಳಿಗೆ ಅದು ರೂಢಿ. ಎಂಟನೇ ದಿನ ಮಾತ್ರ ಬುತ್ತಿ ಒಯ್ಯಲಿಲ್ಲ. ಮೂಲೆ ಉಳಿದಿತ್ತು. ಕೌದಿ ಯಾರಿಗೇ ಹೋಗಲಿ, ಹೊಲಿಸಿದವರು ಅವರೇ. ಇವತ್ತು ಕರೆಯುತ್ತಾರೆ ಎಂದು ನಂಬಿದ್ದೆ.

ಸುಲ್ತಾನಾಳ ಸೆರಗು ಮಡಚಿ ಮೂಲೆಯೊಳಗೆ ಇಟ್ಟೆ. ಕೈ ಕಟ್ಟಿ ಕುಂತೆ. ಒಳಗಿನಿಂದ ಹಪ್ಪಳದ ವಾಸನೆ ಬಂತು, ನಗೆ ಬಂತು. ಕೈ ತೊಳೆದು ಹೊರಗೆ ಬಂದರು.

“ಅಜ್ಜಿ, ಇನ್ನಾ ಕುಂತೀರಲ್ಲ? ನಿಮ್ಮ ಊಟ ಆತೇನು?” ಎಂದ ಸಿದ್ದಲಿಂಗೇಶ್. ಹಲ್ಲಿನಲ್ಲಿ ಕಡ್ಡಿ ಇತ್ತು.

“ಇಲ್ರಿ.”

“ಯಾಕ, ಬುತ್ತಿ ತಂದಿಲ್ಲೇನು? ಲಗೂನ ಮುಗಸ್ರಿ, ಮನಿಗೆ ಹೋಗಿ ಉಣ್ಣೀರಂತ.”

ನಾನು ಸೂಜಿಯನ್ನು ಅರಿವೆಗೆ ಚುಚ್ಚಿಟ್ಟೆ.

“ಮುಗಿತೇನು?”

“ನನ್ನ ಕಡಿಂದ ಮುಗಿತ್ರಿ.”

ಅವರಿಗೆ ಗೊತ್ತಾಗಲಿಲ್ಲ. ದೀಪ ಆರಿಸಿದರು. ನಾನು ಕೌದಿ ಮಡಚಲು ಬಗ್ಗಿದರೆ ಅಂಜನಾ ಮೇಡಂ ತಡೆದಳು. “ಇದು ಇಲ್ಲೇ ಇರಲಿ ಅಜ್ಜಿ. ಗಾಜಿನ ಕಪಾಟಿನಲ್ಲಿ ಇಡ್ತೀವಿ. ನಿಮಗೂ ಹೆಮ್ಮೆ ಅಲ್ವಾ?” ನಾನು ಸಿದ್ದಲಿಂಗೇಶನ ಮುಖ ನೋಡಿದೆ. ಅವನು ಫೋನು ನೋಡಿದ.

ಮಗಳ ಸೆರಗು ಅಲ್ಲೇ ಉಳಿಯಿತು. ನಡು ಹಿಡಿದುಕೊಂಡು ನಡೆದು ಮನೆಗೆ ಬಂದೆ. ಶಬನಂಗೆ ಕೆಲಸ ಸಿಗಬೇಕಲ್ಲ ಎಂದು ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಇರುವುದು ನನಗೆ ಬಹಳ ಚೆನ್ನಾಗಿ ಬರುತ್ತದೆ.

ಪಾಠಗಳು ಬಂದವು. ಹತ್ತು ಪಾಠ. ಶಬನಂ ನೋಡಿ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅವ್ವಾ, ಹತ್ತನೇ ಪಾಠದಾಗ ಮೂಲಿ ತೆರದಾ ಐತಿ! ಆ ಮೇಡಂ ಏನ್ ಹೇಳ್ತಾಳ ಗೊತ್ತೇನ? ಒಂದು ಮೂಲೆಯನ್ನು ಗೇಣಗಲ ತೆರೆದು ಬಿಡಬೇಕು, ಇದರಿಂದ ಕೌದಿಯೊಳಗೆ ಗಾಳಿಯಾಡುತ್ತದೆ, ಇದೇ ಬಳ್ಳಾರಿ ಕೌದಿಯ ವಿಶೇಷ ಅಂತ!”

ನನಗೂ ನಗೆ ಬಂತು. ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲಲಿಲ್ಲ. ನಗೆ ನಿಂತಿತು.

ಎರಡು ತಿಂಗಳಾದ ಮೇಲೆ ಕೇಂದ್ರದಲ್ಲಿ ಕೌದಿ ಕಲಿಸುವವರು ಬೇಕೆಂದು ಚೀಟಿ ಅಂಟಿಸಿದರು. ಶಬನಂ ಹೋದಳು. ನಾನೂ ಹೋದೆ. ಸರ್ಟಿಫಿಕೇಟ್ ಬೇಕು ಎಂದ ಸಿದ್ದಲಿಂಗೇಶ್. ಯಾವ ಸರ್ಟಿಫಿಕೇಟ್? ಅದೇ ಕೋರ್ಸಿನದು. ಹತ್ತು ಪಾಠ ನೋಡಿ, ಪರೀಕ್ಷೆ ಬರೆದು, ತಾನು ಹೊಲಿದ ಕೌದಿಯ ಫೋಟೋ ಕಳಿಸಿದರೆ ಕಂಪ್ಯೂಟರೇ ಕೊಡುತ್ತದೆ.

ನನ್ನ ಮೊಮ್ಮಗಳು ನನ್ನ ಕೈ ನೋಡಿ ಕಲಿಯಲು ಕುಂತಳು. ಪ್ಲಾಟಿನಿಂದ ಬಂದು, ಮೈ ತೊಳೆದುಕೊಂಡು, ನನ್ನ ಪಕ್ಕದಲ್ಲಿ ಕುಂತು ಚಿಕ್ಕ ಕೌದಿಯೊಂದನ್ನು ಹೊಲಿದಳು. ಕೊನೆಗೆ ಮೂಲೆ ಉಳಿಯಿತು.

“ತೆರೆದಾ ಬಿಡ್ಲೇನು? ಹಂಗ ಬಿಟ್ರ ಪಾಸು.”

“ಇದು ಯಾರ ಕೌದಿ?”

“ನಂದು.”

“ಉಂಡಿಯೇನು?”

ಅವಳು ಎದ್ದು ಹೋಗಿ ಗಡಿಗೆಯಿಂದ ಅನ್ನ ಬಡಿಸಿಕೊಂಡು ಬಂದಳು. ಇಬ್ಬರೂ ಒಂದೇ ತಾಟಿನಲ್ಲಿ ಉಂಡೆವು. ನಾಲ್ಕು ಅಗಳು ಮೂಲೆಗಿಟ್ಟು ಹೊಲಿದು ಮುಚ್ಚಿದಳು. ಫೋಟೋ ಕಳಿಸಿದಳು.

ಫೇಲು. ಮೂಲೆ ಮುಚ್ಚಿದೆ, ಪಾಠದ ಪ್ರಕಾರ ಇಲ್ಲ ಎಂದು ಬಂತು.

ಅಂಜನಾ ಮೇಡಂ ಆ ದಿನ ಕೇಂದ್ರದಲ್ಲೇ ಇದ್ದಳು. ಶಬನಂ ಅವಳ ಮೇಜಿನ ಮುಂದೆ ನಿಂತಳು. ಕುರ್ಚಿ ಖಾಲಿ ಇತ್ತು. ಕೂಡ್ರು ಎನ್ನಲಿಲ್ಲ.

“ಮೇಡಂ, ಪಾಠದಾಗ ಇರೋದು ನಮ್ಮವ್ವನ ಕೈ. ಇಕಿನಾ ನಮ್ಮವ್ವ. ಮೂಲಿ ಮುಚ್ಚಬೇಕು ಅಂತ ಇಕಿನಾ ಹೇಳ್ತಾಳ.”

“ಇರಬಹುದಮ್ಮಾ. ಆದರೆ ಕೋರ್ಸ್‌ನಲ್ಲಿ ಹೇಗಿದೆಯೋ ಹಾಗೆ ಮಾಡಬೇಕು. ನಿಮ್ಮ ಅಜ್ಜಿಗೆ ಒಂದು ರೂಲು, ಎಲ್ಲರಿಗೂ ಒಂದು ರೂಲು ಅಂತ ಮಾಡೋಕಾಗಲ್ಲ.”

“ನೀವು ಉಣ್ಣಾಕ ಕರೀಲಿಲ್ಲ, ಅದಕ್ಕ ತೆರದು ಬಿಟ್ಟಾಳ. ಗಾಳಿಗಲ್ಲ.”

ಮೇಡಂ ನನ್ನತ್ತ ನೋಡಿದಳು. ನನ್ನ ಕೈ ಅಲ್ಲ, ಮುಖ. ಮೊದಲ ಸಲ. ಆಮೇಲೆ ನಕ್ಕಳು. “ಎಷ್ಟು ಕ್ಯೂಟ್ ಆಗಿದೆ ಈ ಕಥೆ” ಎಂದಳು. ಆ ಕೆಲಸಕ್ಕೆ ಸರ್ಟಿಫಿಕೇಟ್ ಇದ್ದ ಬೇರೆ ಹುಡುಗಿ ಬಂದಳು. ಸೂಜಿ ಹಿಡಿಯಲು ಅವಳಿಗೆ ನಾನೇ ಹೇಳಿಕೊಡಬೇಕಿತ್ತು. ಹೇಳಿಕೊಡಲಿಲ್ಲ. ಶಬನಂ ಮತ್ತೆ ಜಾಲರಿಯ ಮುಂದೆ ನಿಂತಳು.

ಮಳೆಗಾಲ ಕಳೆಯಿತು. ಅವಳು ಸಲಿಕೆ ಹತ್ತು ಸಲ ಎತ್ತಿದರೆ ಒಮ್ಮೆ ನಿಂತು ಉಸಿರು ಎಳೆದುಕೊಳ್ಳುವಳು. ಮೇಸ್ತ್ರಿ ಬೈಯುವನು.

ಒಂದು ಮಧ್ಯಾಹ್ನ ನಮ್ಮ ಓಣಿಗೆ ಕಾರು ಬಂತು. ಸಿದ್ದಲಿಂಗೇಶ್, ಅಂಜನಾ ಮೇಡಂ, ಕ್ಯಾಮೆರಾದವನು. ಕೈಯಲ್ಲಿ ಆ ಕೌದಿ. ಊರೂರಿನಿಂದ ದೂರು ಬಂದಿತ್ತಂತೆ. ಒಮ್ಮೆ ಒಗೆದರೆ ಮೂಲೆಯಿಂದ ಒಳಗಿನ ಅರಿವೆ ಹೊರಗೆ ಬರುತ್ತದೆ ಎಂದು ಕಲಿತವರು ಬೈದು ಬರೆದಿದ್ದರಂತೆ. ಕಂಪನಿಯ ದೊಡ್ಡವರು ಮುಂದಿನ ವಾರ ಕೇಂದ್ರಕ್ಕೆ ಬರುವವರಿದ್ದರು. ಹತ್ತನೇ ಪಾಠ ಸರಿಯಾಗಬೇಕಿತ್ತು. ಬೇರೆಯವರ ಕೈ ಹಾಕಿದರೆ ಗೊತ್ತಾಗುತ್ತದೆ. ಅದೇ ಸೀಳು ಉಗುರು ಬೇಕಿತ್ತು.

“ಐದು ನಿಮಿಷದ ಕೆಲಸ ಅಜ್ಜಿ. ಮೂಲಿ ಒಂದು ಮುಚ್ಚಿಬಿಡ್ರಿ. ನಾಳಿಂದಾನಾ ನಿಮ್ಮ ಹುಡುಗಿನ್ನ ಕೆಲಸಕ್ಕ ಕಳಸ್ರಿ. ಸರ್ಟಿಫಿಕೇಟ್ ನಾನಾ ಕೊಡಸ್ತೀನಿ.”

“ಆತು” ಎಂದೆ. “ಒಂದ್ ತುತ್ತು ಉಣ್ಣೂಣು ಬರ್ರಿ.”

ಅವನಿಗೆ ಅರ್ಥವಾಯಿತು. ಡ್ರೈವರನ್ನು ಕೂಗಿದ. “ಲೇ, ಅಜ್ಜಿಗೆ ಒಂದು ಬಿರಿಯಾನಿ ಕಟ್ಟಿಸ್ಕಂಡು ಬಾ. ಅದನ್ನ ತಿಂತಾರ ಇವರು.”

“ಬಿರಿಯಾನಿ ಕೇಳಿಲ್ಲಪ್ಪಾ ನಾನು. ಗಡಿಗ್ಯಾಗ ಅನ್ನ ಐತಿ, ಬ್ಯಾಳಿ ಸಾರು ಐತಿ. ಜೋಡಿ ಕುಂತು ಉಣ್ಣೂಣು. ನೀವಾ ನಾಕು ಅಗಳು ನನ್ನ ಕೈಯಾಗ ಹಾಕ್ರಿ. ಮುಚ್ಚತೀನಿ.”

“ನಮ್ಮದು ಊಟ ಆಗೈತಿ ಅಜ್ಜಿ.”

ಮೇಡಂ ಹೊಸ್ತಿಲ ಹೊರಗೇ ನಿಂತಿದ್ದಳು. “ನನಗೆ ಹೊಟ್ಟೆ ಸರಿಯಿಲ್ಲ” ಎಂದಳು.

“ಉಣ್ಣಬ್ಯಾಡ್ರಿ ಹಂಗಾರ. ಒಳಗ ಬಂದು ನಾಕು ಅಗಳು ಎತ್ತಿ ಕೊಡ್ರಿ, ಸಾಕು.”

ಯಾರೂ ಒಳಗೆ ಬರಲಿಲ್ಲ. ಕ್ಯಾಮೆರಾದವನು ಗಡಿಯಾರ ನೋಡಿದ. ಸಿದ್ದಲಿಂಗೇಶ್ ದನಿ ಇಳಿಸಿದ. “ನೋಡ್ರಿ ಅಜ್ಜಿ, ಹುಡುಗಿ ಬಾಳೇವು ನಿಮ್ಮ ಕೈಯಾಗ ಐತಿ. ನಾಕು ಅಗಳಿಗೆ ಹಟ ಮಾಡಬ್ಯಾಡ್ರಿ.”

ಡಾಕ್ಟರು ಹೇಳಿದ ಎರಡು ವರ್ಷದಲ್ಲಿ ಒಂದು ಹೋಗಿತ್ತು. ನಾನು ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡೆ. ಅವರು ಹೊಸ್ತಿಲಿಗೆ ಅಡ್ಡ ನಿಂತೇ ದೀಪ ಹಚ್ಚಿದರು. ಬಳೆ ತೆಗೆದೆ. ಸೂಜಿಗೆ ದಾರ ಪೋಣಿಸಿದೆ. ನಾನು ಸೋತಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಶಬನಂ ಬಂದಳು. ಏದುಸಿರು ಬಂದಿದ್ದಕ್ಕೆ ಮೇಸ್ತ್ರಿ ಅರ್ಧ ದಿನಕ್ಕೆ ಕಳಿಸಿಬಿಟ್ಟಿದ್ದ. ತಲೆಯಿಂದ ಕಾಲಿನವರೆಗೆ ಕೆಂಪು. ಮೇಡಂ ಸೀರೆ ಹಿಡಿದುಕೊಂಡು ಪಕ್ಕಕ್ಕೆ ಸರಿದಳು. ಶಬನಂ ಕಾರು ನೋಡಿದಳು, ದೀಪ ನೋಡಿದಳು, ಮುಚ್ಚಿದ ಗಡಿಗೆ ನೋಡಿದಳು.

“ಉಂಡ್ರೇನು ಇವರು?”

ನಾನು ದಾರಕ್ಕೆ ಗಂಟು ಹಾಕಿದೆ.

“ಅವ್ವಾ, ಉಂಡ್ರೇನು?”

“ಇಲ್ಲ.”

ನನ್ನ ಕೈಯಿಂದ ಸೂಜಿ ಕಸಿದಳು.

“ಏಯ್, ಏನ್ ಮಾಡ್ತೀಯಮ್ಮಾ?” ಎಂದಳು ಮೇಡಂ.

ಶಬನಂ ತೆರೆದ ಮೂಲೆಯೊಳಗೆ ಕೈ ಹಾಕಿದಳು. ಕೆಂಪು ಕೈ, ಮೊಣಕೈವರೆಗೆ. ಎಳೆದಳು. ಹಸಿರು ಸೆರಗು ಮಡಿಕೆ ಬಿಚ್ಚುತ್ತ ಹೊರಗೆ ಬಂತು.

“ಇದು ನಮ್ಮವ್ವಂದು. ಹಡದಾಕೀದು” ಎಂದಳು. ಕೌದಿಯನ್ನು ಎತ್ತಿ ಸಿದ್ದಲಿಂಗೇಶನ ಎದೆಗೆ ಒತ್ತಿದಳು. “ಉಳದಿದ್ದು ನಿಮ್ಮದು. ಗಾಳಿ ಆಡಲಿ ಬಿಡ್ರಿ.”

“ಕೆಲಸ ಬ್ಯಾಡೇನು ನಿನಗ?”

“ಬೇಕು. ನಿಂತ ಕಾಲಿಗೆ ಕೇಳಾಕ ಬಂದಿದ್ನಲ್ರಿ ಅವತ್ತು. ಕುಂದ್ರು ಅಂದ್ರೇನು? ಹೋಗ್ರಿ. ಮನಿ ಸಣ್ಣದು, ಉಸರಾಡಾಕ ಆಗವಲ್ದು.”

ಕೌದಿಯ ಅಂಚು ದಾಟಿ ಅವನ ಅಂಗಿಯ ಮೇಲೆ ಅವಳ ಐದು ಬೆರಳು ಕೆಂಪಗೆ ಮೂಡಿದ್ದವು. ಕಾರು ಹೋಯಿತು.

ಹತ್ತನೇ ಪಾಠ ಇಂದಿಗೂ ಹಾಗೇ ಇದೆಯಂತೆ. ನನ್ನ ಕೈ, ತೆರೆದ ಮೂಲೆ, ಗಾಳಿಯ ಮಾತು. ಕರೂರಿನ ವೀರಭದ್ರಮ್ಮನಿಗೆ ಅವಳ ಮೊಮ್ಮಗಳು ಸಿರುಗುಪ್ಪದಲ್ಲಿ ಅದನ್ನು ತೋರಿಸಿದಳಂತೆ. ವೀರಭದ್ರಮ್ಮ ನಮ್ಮ ಪಕ್ಕದ ಮನೆಯವರ ಫೋನಿಗೆ ಮಾಡಿ ಕೂಗಾಡಿದಳು. “ಸುಗ್ರವ್ವಾ, ಉಗುರು ನೋಡಿದ ಕೂಡ್ಲೇ ಗೊತ್ತಾತು ನಂಗ. ಯಾವ ಹಾಳಾದವರ ಮನಿಯಾಗ ಹೊಲದಿಯಬೇ? ಉಣ್ಣಾಕ ಕರದಿಲ್ಲಲ್ಲ ಅವರು!” ಅಷ್ಟು ಜನ ನೋಡಿದ್ದರಲ್ಲಿ ಆ ಮೂಲೆಯನ್ನು ಓದಿದವಳು ಅವಳೊಬ್ಬಳೇ.

ಕಾರು ಹೋದ ಮರುದಿನ ಬೆಳಿಗ್ಗೆ ಶಬನಂ ಆ ಸೆರಗನ್ನು ಎರಡು ಮಡಿಕೆ ಮಾಡಿ ಮೂಗು ಬಾಯಿಗೆ ಸುತ್ತಿಕೊಂಡಳು. ಹಿಂದಿನ ಗಂಟು ನಾನೇ ಹಾಕಿದೆ, ಗಟ್ಟಿಯಾಗಿ. ಪ್ಲಾಟಿಗೆ ಹೋದಳು. ಸಂಜೆ ಬಂದಾಗ ಹಸಿರು ಸೆರಗು ಬಾಯಿ ಇದ್ದಲ್ಲಿ ಕೆಂಪಾಗಿತ್ತು. ಒಗೆದೆ. ಕಲೆ ಹೋಗಲಿಲ್ಲ. ಬೆಳಿಗ್ಗೆ ಮತ್ತೆ ಕಟ್ಟಿದೆ.